ಬೇಯದ ಬಣ್ಣ

ಕರಗುವುದು ಬೇರೆ, ಬೇಯುವುದು ಬೇರೆ. ಇದನ್ನು ನನಗೆ ಕಲಿಸಿದವನು ನನ್ನ ಭಾವ.

ಜಿಗ್ ಎಂದರೆ ಸೀಸದ ತಲೆಯಿರುವ ಗಾಳ. ಬಟಾಣಿ ಕಾಳಿನಿಂದ ಹಿಡಿದು ಗೋಲಿಯಷ್ಟು ದಪ್ಪದವರೆಗೆ ತಲೆ. ಆ ತಲೆಯ ಭಾರಕ್ಕೆ ಗಾಳ ನೀರಿನ ತಳ ಸೇರುತ್ತದೆ, ಆ ತಲೆಯ ಬಣ್ಣಕ್ಕೆ ಮೀನು ಮರುಳಾಗುತ್ತದೆ. ಸೀಸ ಕರಗಿಸಿ ಅಚ್ಚಿಗೆ ಸುರಿಯುವುದೇ ಕಷ್ಟದ ಕೆಲಸವೆಂದು ನೋಡುವವರು ತಿಳಿಯುತ್ತಾರೆ. ಅದು ಕಷ್ಟವಲ್ಲ, ಭಯ ಅಷ್ಟೆ. ಕಷ್ಟ ಇರುವುದು ಬಣ್ಣದಲ್ಲಿ. ತಲೆಯನ್ನು ಬಿಸಿಗಾಳಿಯ ಗನ್ನಿಗೆ ಹಿಡಿದು ಕಾಯಿಸಿ, ಬಣ್ಣದ ಪುಡಿಯಲ್ಲಿ ಅದ್ದಿ ತೆಗೆದರೆ ಪುಡಿ ಅಂಟಿ, ಕಣ್ಣೆದುರೇ ಕರಗಿ, ಗಾಜಿನ ಹಾಗೆ ಹೊಳೆಯುತ್ತದೆ. ನೋಡಿದವರು ಮುಗಿಯಿತು ಎನ್ನುತ್ತಾರೆ. ಮುಗಿದಿರುವುದಿಲ್ಲ. ತಂತಿಗೆ ತೂಗುಹಾಕಿ, ಅನ್ನ ಬೇಯುವಷ್ಟು ಹೊತ್ತು ಓವನ್ನಿನಲ್ಲಿ ಬೇಯಿಸಬೇಕು. ಬೆಂದ ಬಣ್ಣ ಕಲ್ಲಿಗೆ ಬಡಿದರೂ ಬಿಡುವುದಿಲ್ಲ. ಬೇಯದ್ದು ಹೊಳೆಯುತ್ತಲೇ ಇರುತ್ತದೆ, ಮೊದಲ ಕಲ್ಲು ತಗಲುವ ತನಕ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಾಡಿದವನಿಗೂ ವ್ಯತ್ಯಾಸ ಗೊತ್ತಾಗದು.

ಶಾಲೆ ಬಿಟ್ಟ ವರ್ಷವೇ ನಾನು ಅಕ್ಕನ ಮನೆ ಸೇರಿದೆ. ಅಮ್ಮ ಹೋಗಿಯಾಗಿತ್ತು, ಅಪ್ಪ ಯಾವತ್ತೂ ಲೆಕ್ಕಕ್ಕಿರಲಿಲ್ಲ. ಶಾಲೆಯಿಂದ ನನಗಾದ ಲಾಭವೆಂದರೆ, ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿ ನಿಲ್ಲಿಸಿ ಕಿಟಕಿಯಾಚೆಯ ಪ್ರಪಂಚವನ್ನು ಚೆನ್ನಾಗಿ ತೋರಿಸಿದ್ದು. ಅಕ್ಕ ಲಾಂಡ್ರಿಯ ಬಟ್ಟೆಯನ್ನು ಮನೆಗೇ ತಂದು ಇಸ್ತ್ರಿ ಮಾಡುತ್ತಿದ್ದಳು. ಭಾವ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ಮನೆಗೆ ಬಂದವರೆಲ್ಲ ಮುಂದೇನು ಮಾಡ್ತೀಯ ಎಂದು ನನ್ನನ್ನು ಹಿಂಡುತ್ತಿದ್ದ ಕಾಲದಲ್ಲಿ ಕೇಳದೆ ಬಿಟ್ಟವನು ಅವನೊಬ್ಬನೇ. ಒಂದು ರಜೆಯ ದಿನ ಹಿತ್ತಲಿನ ಶೆಡ್ಡಿಗೆ ಕರೆದುಕೊಂಡು ಹೋಗಿ ಇಕ್ಕಳವನ್ನು ಕೈಗೆ ಕೊಟ್ಟ. ನನ್ನ ಕೈಯ ಮೇಲೆ ಅವನ ಕೈ ಇಟ್ಟು, ಎಷ್ಟು ಕಾಯಿಸಬೇಕು, ಎಷ್ಟು ಅದ್ದಬೇಕು, ದಾರ ಕಟ್ಟುವ ಉಂಗುರದಲ್ಲಿ ತುಂಬಿಕೊಂಡ ಬಣ್ಣವನ್ನು ಬೇಯುವ ಮೊದಲೇ ಸೂಜಿಯಿಂದ ಹೇಗೆ ಚುಚ್ಚಿ ತೆಗೆಯಬೇಕು ಎಂದು ತೋರಿಸಿದ. ಓವನ್ನು ಅಡುಗೆಮನೆಯಲ್ಲಿ ಬಾಗಿಲು ಸಡಿಲವಾಗಿ ನಿವೃತ್ತಿಯಾದದ್ದು. ಆಮೇಲೆ ಅದರೊಳಗೆ ತಿನ್ನುವ ವಸ್ತು ಯಾವುದೂ ಹೋಗಲಿಲ್ಲ. ಪ್ರತಿ ಸಲ ಬೇಯಿಸಿದ ಮೇಲೆ ಒಂದು ಜಿಗ್ ತೆಗೆದು ಹೊಸ್ತಿಲಿನ ಕಲ್ಲಿಗೆ ಬಡಿದು ನೋಡಬೇಕು, ಅದು ನಮ್ಮ ಶೆಡ್ಡಿನ ನಿಯಮ.

ಅವನಿಗೆ ಅದು ರಜೆಯ ಆಟ. ನನಗೆ ಕೈಗೆ ಬಂದ ಮೊದಲ ವಿದ್ಯೆ. ಎರಡು ಬಣ್ಣ ಸೇರಿಸಿ, ಮೇಲೆ ಮೀನುಮರಿಯ ಬೆನ್ನಿನಂಥ ಕಪ್ಪು ಚುಕ್ಕೆ ಇಟ್ಟು, ಅವನಿಗಿಂತ ಚೆನ್ನಾಗಿ ಮಾಡತೊಡಗಿದೆ. ಅವನೇ ಹಾಗೆ ಹೇಳಿದ್ದು. ನಾನು ಹಿಗ್ಗಿಹೋದೆ.

ನಮ್ಮ ದೊಡ್ಡ ಕೆರೆಯಲ್ಲಿ ಮೀನು ಹಿಡಿಯುವ ಮೋಜಿಗೆ ಬರುವವರನ್ನು ದೋಣಿಯಲ್ಲಿ ಕರೆದೊಯ್ಯುವವನೊಬ್ಬನಿದ್ದ. ಉದ್ದ ಕಾಲು, ಉದ್ದ ಕುತ್ತಿಗೆ, ನೀರು ನೋಡುತ್ತ ಅಲ್ಲಾಡದೆ ನಿಲ್ಲುವ ಅಭ್ಯಾಸ. ಎಲ್ಲರೂ ಅವನನ್ನು ಕೊಕ್ಕರೆ ಎನ್ನುತ್ತಿದ್ದರು, ಎದುರಿಗೆ ಮಾತ್ರ ಅಣ್ಣ. ಅವನು ಯಾವ ಜಿಗ್ ಕಟ್ಟುತ್ತಾನೋ ಕೆರೆಗೆ ಬರುವವರೆಲ್ಲ ಅದನ್ನೇ ಕೇಳುತ್ತಿದ್ದರು. ಒಳ್ಳೆಯ ಮೀನು ಇರುವುದು ಕೆರೆಯ ನಡುವಿನ ಬಂಡೆಸಾಲಿನಲ್ಲಿ. ಅಲ್ಲಿ ಗಾಳ ದಿನವಿಡೀ ಕಲ್ಲಿಗೆ ಕುಟ್ಟುತ್ತಿರಬೇಕು. ಅಂಗಡಿಯ ಪ್ಯಾಕೆಟ್ಟಿನ ಜಿಗ್ಗುಗಳು ಮಧ್ಯಾಹ್ನದೊಳಗೆ ಬೋಳಾಗುತ್ತಿದ್ದವು. ನನ್ನದನ್ನು ಕೊಕ್ಕರೆ ಅಂಗೈಯಲ್ಲಿ ಹೊರಳಿಸಿ ನೋಡಿದ. ಆಮೇಲೆ ಹೇಳಿದ.

"ಒಂದು ದಿನ ಬಂಡೆಸಾಲಲ್ಲಿ ಆಡಿಸ್ತೀನಿ. ಸಂಜೆಗೆ ಬಣ್ಣ ಉಳಿದಿದ್ರೆ ಈ ಸೀಸನ್ ಪೂರ್ತಿ ನಿಂದೇ. ಉದುರಿದ್ರೆ ಈ ಕಡೆ ತಲೆ ಹಾಕಬೇಡ."

ಮನೆಯಲ್ಲಿ ಹೇಳಿದೆ. ಅಕ್ಕ ಒಳ್ಳೇದಾಯ್ತು ಎಂದು ಇಸ್ತ್ರಿ ಮುಂದುವರಿಸಿದಳು. ಭಾವ ಆಗ ಒಂದು ಸುದ್ದಿ ತೆಗೆದ. ತನ್ನ ಕೋಲ್ಡ್ ಸ್ಟೋರೇಜಿನ ಗೋದಾಮಿನಲ್ಲಿ ಸರಕು ಏರಿಸಿ ಇಳಿಸುವ ಕಡೆ ಒಂದು ಕೆಲಸ ಖಾಲಿಯಾಗುತ್ತಿದೆಯಂತೆ, ಮ್ಯಾನೇಜರರ ಹತ್ತಿರ ನನ್ನ ಮಾತು ಆಡಿಟ್ಟಿದ್ದಾನಂತೆ. ನನಗೆ ಇಷ್ಟವಿಲ್ಲವೆಂದು ಅವನಿಗೆ ಗೊತ್ತಿತ್ತು. ಹಾಗಾಗಿ ಅವನೇ ಒಂದು ಒಪ್ಪಂದ ಹೂಡಿದ: ಕೊಕ್ಕರೆ ಒಪ್ಪಿದರೆ ನನ್ನ ದಾರಿ ನನಗೆ, ಯಾರೂ ಅಡ್ಡ ಬರುವುದಿಲ್ಲ. ಒಪ್ಪದಿದ್ದರೆ ತುಟಿ ಪಿಟಕ್ಕೆನ್ನದೆ ಬರುವ ತಿಂಗಳಿಂದ ಗೋದಾಮು. ನ್ಯಾಯವಾಗಿತ್ತು. ಕೈ ಚಾಚಿದ, ನಾನು ಕುಲುಕಿದೆ.

ಕೊಕ್ಕರೆಗೆ ಕೊಡುವ ಜಿಗ್ಗುಗಳನ್ನು ಒಂದೇ ದಿನ ಕೂತು ಅದ್ದಿದೆ. ಗಿಳಿಹಸಿರು ಮೈ, ಕಿತ್ತಳೆ ಗಂಟಲು, ಕಪ್ಪು ಚುಕ್ಕೆ. ಉಂಗುರಗಳನ್ನೆಲ್ಲ ಚುಚ್ಚಿ ಬಿಡಿಸಿದೆ. ಹಳೆಯ ಕೊಡೆಯ ಕಡ್ಡಿಗಳಿಂದ ನಾನೇ ಮಾಡಿದ ಚೌಕಟ್ಟಿಗೆ ಒಂದೊಂದಾಗಿ ತೂಗುಹಾಕಿದೆ. ಹಿಂದಿನ ಮೂಲೆಯ ಕಡ್ಡಿಯ ತುದಿಯಿಂದ ಒಂದು ಮಾತ್ರ ಜಾರುತ್ತಲೇ ಇತ್ತು. ಬಟ್ಟೆ ಒಣಹಾಕುವ ಹಗ್ಗದಿಂದ ಅಕ್ಕನ ಕೆಂಪು ಪ್ಲಾಸ್ಟಿಕ್ ಕ್ಲಿಪ್ಪೊಂದನ್ನು ಕಿತ್ತು ತಂದು, ಕಡ್ಡಿಯ ತುದಿಗೆ ಅಡ್ಡ ಕಚ್ಚಿಸಿದೆ. ಆಮೇಲೆ ಕಡ್ಡಿ ಬಗ್ಗಿಸಿ ಕ್ಲಿಪ್ಪು ತೆಗೆದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಭಾವ ಬಂದ. ಚೌಕಟ್ಟನ್ನು ಬಗ್ಗಿ ನೋಡಿ ಬಾಯ್ತುಂಬ ಹೊಗಳಿದ. ಡಬ್ಬಿ ಎಲ್ಲಿ ಎಂದು ಕೇಳಿದ. ನಾಲಗೆ ಕಚ್ಚಿಕೊಂಡೆ. ಇಂಥ ಜಿಗ್ಗುಗಳನ್ನು ಚೀಲಕ್ಕೆ ಸುರಿದುಕೊಂಡು ಹೋದರೆ ಒಂದಕ್ಕೊಂದು ಸಿಕ್ಕಿಕೊಂಡು ಕೊಕ್ಕರೆಯ ಮುಂದೆ ಮಾನ ಹೋಗುತ್ತದೆ, ಒಳಗೆ ಚಿಕ್ಕ ಚಿಕ್ಕ ಖಾನೆಗಳಿರುವ ಡಬ್ಬಿ ಬೇಕು, ಅಂಗಡಿ ಮುಚ್ಚುವ ಮೊದಲು ತಾ ಎಂದ. ನಾನು ಅನುಮಾನಿಸುತ್ತ ಓವನ್ನಿನ ಕಡೆ ನೋಡಿದೆ.

"ನೀನು ಹೋಗು ಮಾರಾಯ, ನಾನಿಲ್ವಾ? ನಿಂಗೆ ಬೇಯಿಸೋದು ಹೇಳ್ಕೊಟ್ಟಿದ್ದೇ ನಾನು," ಎಂದ.

ಆತುರದಲ್ಲಿ ಚೌಕಟ್ಟನ್ನು ಒಳಗೆ ತಳ್ಳಿ, ಗುಂಡಿ ತಿರುಗಿಸಿ, ಕೆಂಪು ದೀಪ ಹತ್ತಿದ್ದನ್ನು ಕಂಡು ಓಡಿದೆ. ಕ್ಲಿಪ್ಪಿನ ನೆನಪೇ ಆಗಲಿಲ್ಲ.

ನಾನು ಡಬ್ಬಿ ಹಿಡಿದು ಬರುವಷ್ಟರಲ್ಲಿ ಜಿಗ್ಗುಗಳೆಲ್ಲ ಹೊರಗಿದ್ದವು. ಭಾವ ಅವನ್ನು ಚೌಕಟ್ಟಿನಿಂದ ಬಿಡಿಸಿ, ಹಳೆ ಟವಲ್ಲಿನ ಮೇಲೆ ಸಾಲಾಗಿ ಜೋಡಿಸಿ, ಚೌಕಟ್ಟನ್ನು ಅದರ ಮೊಳೆಗೆ ನೇತುಹಾಕಿಯೂ ಆಗಿತ್ತು. ಒಂದನ್ನು ಹೊಸ್ತಿಲಿಗೆ ಬಡಿದು ನೋಡಿದೆ, ಕೂದಲೆಳೆಯಷ್ಟೂ ಬಿಟ್ಟಿಲ್ಲ ಎಂದ. ನಾನು ಇನ್ನೊಂದನ್ನು ಬಡಿದು ನೋಡಬಹುದಿತ್ತು. ನೋಡಿದ್ದರೆ ಅವನ ಮಾತಿನ ಮೇಲೆ ಅನುಮಾನಪಟ್ಟ ಹಾಗಾಗುತ್ತಿತ್ತು. ಹಾಗೆ ಬೆಳೆದವನಲ್ಲ ನಾನು. ಅಕ್ಕ ನನ್ನನ್ನು ಹಾಗೆ ಬೆಳೆಸಿರಲಿಲ್ಲ.

ಮರುದಿನ ಕೊಕ್ಕರೆಯ ದೋಣಿಯ ಬಾಲದಲ್ಲಿ ಕುಳಿತೆ. ಟೋಪಿ ಹಾಕಿಕೊಂಡ ಇಬ್ಬರು ಗಿರಾಕಿಗಳು ಮುಂದೆ. ಬಂಡೆಸಾಲು ತಲುಪಿದ ಮೇಲೆ ಕೊಕ್ಕರೆ ನನ್ನ ಜಿಗ್ಗನ್ನು ತಾನೇ ಕಟ್ಟಿ ಬಿಟ್ಟ. ತಳಕ್ಕೆ ಹೋಗಿ ಕುಟ್ಟಿದ್ದು ಅವನ ಬೆರಳಿನಲ್ಲಿ ಕಾಣಿಸಿತು. ಇನ್ನೊಂದು ಸಲ ಕುಟ್ಟಿಸಿದ. ಮೇಲೆ ಎಳೆದ. ಗಿಳಿಹಸಿರಿನ ಒಂದು ಕೆನ್ನೆ ಪೂರ್ತಿ ಹೋಗಿತ್ತು. ಬೂದು ಸೀಸ, ಬೆಂದ ಮೊಟ್ಟೆ ಸುಲಿದ ಹಾಗೆ. ಎರಡನೆಯದನ್ನು ಕಟ್ಟಿದ. ಅದೂ ಹಾಗೇ. ಮೂರನೆಯದನ್ನು ನೀರಿಗೂ ಬಿಡಲಿಲ್ಲ, ಉಗುರಿನಿಂದ ಕೆರೆದ. ಬಣ್ಣ ಹಕ್ಕಳೆಯಾಗಿ ಎದ್ದು ಅವನ ಪ್ಯಾಂಟಿನ ಮೇಲೆ ಬಿತ್ತು. ಟೋಪಿಯವರಲ್ಲೊಬ್ಬ, ಹುಡುಗ ಮೀನಿಗೆ ಮೇಕಪ್ ಮಾಡೋಕೆ ಬಂದಿದ್ದಾನೆ ಎಂದು ನಕ್ಕ.

"ಬೇಯಿಸದೇ ತಂದಿದ್ದೀಯಲ್ಲೋ," ಎಂದ ಕೊಕ್ಕರೆ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಬೇಯಿಸಿದ್ದೀನಿ ಅಣ್ಣ ಎಂದೆ. ಪ್ರಮಾಣ ಮಾಡಿದೆ. ಬೇಕಾದರೆ ನಮ್ಮ ಭಾವನನ್ನು ಕೇಳಿ, ಅವರು ಪಕ್ಕದಲ್ಲೇ ನಿಂತು ನೋಡಿಕೊಂಡರು ಎಂದೆ. ನನ್ನ ಪರ ಸಾಕ್ಷಿಗೆ ನಾನು ಕರೆದದ್ದು ಅವನನ್ನೇ. ಕೊಕ್ಕರೆ ಉಳಿದ ಜಿಗ್ಗುಗಳಿದ್ದ ಡಬ್ಬಿಯನ್ನು ನನ್ನ ಮಡಿಲಿಗಿಟ್ಟು ದೋಣಿ ತಿರುಗಿಸಿದ. ಒಬ್ಬನನ್ನು ಇಳಿಸಲಿಕ್ಕಾಗಿ ಇಡೀ ದೋಣಿ ದಡಕ್ಕೆ ಬಂತು. ಕಟ್ಟೆಯಲ್ಲಿ ನಿಂತವರೆಲ್ಲ ನೋಡಿದರು.

ಮನೆಗೆ ಬಂದು ನೇರ ಶೆಡ್ಡಿಗೆ ಹೋದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡಿದ್ದೆ. ಪುಡಿ ಹಳೆಯದಿರಬೇಕು, ತಲೆ ಸರಿಯಾಗಿ ಕಾದಿರಲಿಲ್ಲವೇನೋ, ಸೀಸದ ಮೇಲೆ ಎಣ್ಣೆ ಅಂಟಿತ್ತೇನೋ, ಓವನ್ನು ಕೈಕೊಟ್ಟಿರಬೇಕು. ಒಂದಲ್ಲ ಒಂದು ತಪ್ಪು ನನ್ನದೇ. ನನಗೆ ಈ ಕೆಲಸ ಹತ್ತಿಲ್ಲ, ಮೇಷ್ಟ್ರು ಹೇಳಿದ್ದೇ ಸರಿ, ಗೋದಾಮಿನಲ್ಲಿ ಪೆಟ್ಟಿಗೆ ಹೊರುವುದಕ್ಕೇ ನಾನು ಲಾಯಕ್ಕು ಎಂದು ಅಳುತ್ತ ಬಂದವನು ನಾನು. ಓವನ್ನನ್ನು ಪರೀಕ್ಷಿಸೋಣವೆಂದು ಮೊಳೆಯಿಂದ ಚೌಕಟ್ಟು ತೆಗೆದೆ.

ಹಿಂದಿನ ಮೂಲೆಯಲ್ಲಿ ಕೆಂಪು ಕ್ಲಿಪ್ಪು ಕಚ್ಚಿಕೊಂಡಿತ್ತು.

ಅದುಮಿದೆ. ಬಾಯಿ ತೆರೆಯಿತು, ಮುಚ್ಚಿತು. ಒಂದು ಹಲ್ಲೂ ಬಾಗಿರಲಿಲ್ಲ. ಹೊಸದರ ಹಾಗಿತ್ತು.

ಅದನ್ನು ಒಂದು ತಗಡಿನ ತುಂಡಿನ ಮೇಲಿಟ್ಟು ಓವನ್ನಿನೊಳಗೆ ತಳ್ಳಿದೆ. ದಿನವೂ ತಿರುಗಿಸುವಷ್ಟೇ ಗುಂಡಿ ತಿರುಗಿಸಿದೆ. ಗಾಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಓವನ್ನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕ್ಲಿಪ್ಪು ಬೆವರಿದಂತೆ ಮಿರುಗಿತು, ಸೊಂಟ ಬಾಗಿತು, ಎರಡು ಕಾಲೂ ಚಾಚಿ ಮಲಗಿತು. ಆಮೇಲೆ ಕೆಂಪು ನಾಲಗೆಯಾಗಿ ತಗಡಿನ ಮೇಲೆ ಹರಿಯಿತು, ನಡುವೆ ಸ್ಪ್ರಿಂಗು ಮಾತ್ರ ನಿಂತಿತು. ಶೆಡ್ಡು ತುಂಬ ಸುಟ್ಟ ವಾಸನೆ. ನಾನು ಅಲ್ಲಾಡಲಿಲ್ಲ. ಅಂದರೆ ಆ ದಿನ ಈ ಓವನ್ನು ಕಾದಿರಲಿಲ್ಲ. ದೀಪ ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಕಾಯದಿದ್ದರೆ ಯಾರೋ ಆರಿಸಿರಬೇಕು. ಬೇಯದ ಬಣ್ಣವನ್ನು ಕಣ್ಣಿನಿಂದ ಹಿಡಿಯಲಾಗದು ಎಂದು ಗೊತ್ತಿದ್ದವರು ಈ ಮನೆಯಲ್ಲಿ ಇಬ್ಬರೇ. ಒಬ್ಬ ಡಬ್ಬಿ ತರಲು ಹೋಗಿದ್ದ.

ತಗಡನ್ನು ಇಕ್ಕಳದಲ್ಲಿ ಹಿಡಿದು ಒಳಗೆ ಹೋದೆ. ಅಕ್ಕ, ಭಾವ ಅಡುಗೆಮನೆಯ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದರು. ಮಧ್ಯದಲ್ಲಿ ಇಟ್ಟೆ. ಅಕ್ಕ, ಇದೇನಿದು, ನನ್ನ ಕ್ಲಿಪ್ಪಾ ಎಂದಳು. ಭಾವ ಸ್ಪ್ರಿಂಗನ್ನು ನೋಡಿದ, ಲೋಟ ಕೆಳಗಿಟ್ಟ. ಆ ಲೋಟ ಇಟ್ಟ ರೀತಿಯಲ್ಲೇ ನನಗೆ ಎಲ್ಲ ಗೊತ್ತಾಯಿತು.

"ಯಾವಾಗ ಆರಿಸಿದ್ರಿ?" ಎಂದೆ.

"ನೀನು ಗೇಟು ದಾಟಿದ ಮೇಲೆ."

"ಕಲ್ಲಿಗೆ ಬಡಿದು ನೋಡಿದೆ ಅಂದ್ರಿ."

"ಅಂದೆ."

ಆಮೇಲೆ ಅವನು ಬಹಳ ಮಾತಾಡಿದ. ಮೆತ್ತಗೆ, ಮೇಲಧಿಕಾರಿಯ ಜೊತೆ ಮಾತಾಡುವ ಹಾಗೆ. ಮೀನಿನ ಸೀಸನ್ ಎಷ್ಟು ದಿನ, ಆಮೇಲೆ ಏನು ತಿನ್ನುತ್ತೀಯ ಎಂದ. ಸೀಸದ ಹೊಗೆ ಎಂದ. ಗೋದಾಮಿನ ಕೆಲಸ ಕಾಯುವುದಿಲ್ಲ ಎಂದ. ನೀನು ಗೆದ್ದುಬಿಡುತ್ತೀಯ ಎಂದು ಗೊತ್ತಿತ್ತು, ಅದಕ್ಕೇ ಮಾಡಬೇಕಾಯಿತು ಎಂದ. ಇದನ್ನು ಹೊಗಳಿಕೆಯ ಹಾಗೆ ಹೇಳಿದ. ಕತ್ತು ಕೊಯ್ದವನು ಕುತ್ತಿಗೆ ಚೆನ್ನಾಗಿದೆ ಎಂದ ಹಾಗೆ.

ನಾನು ಅಕ್ಕನ ಕಡೆ ತಿರುಗಿದೆ. ಈಗ ಅವಳು ಅವನಿಗೆ ಸರಿಯಾಗಿ ಉಗಿಯುತ್ತಾಳೆ ಎಂದುಕೊಂಡೆ. ಚಿಕ್ಕಂದಿನಲ್ಲಿ ನನ್ನನ್ನು ಹೊಡೆದ ಹುಡುಗನ ಮನೆ ಬಾಗಿಲಿಗೆ ಹೋಗಿ ಅವನ ಅಪ್ಪನನ್ನೇ ಹೊರಗೆ ಕರೆದವಳು ಅವಳು. ಅವಳು ಮೇಜಿಗಂಟಿದ ಯಾವುದೋ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ನಿಂಗೂ ಗೊತ್ತಿತ್ತಾ ಅಕ್ಕ?"

"ನಾನೇ ಹೇಳಿದ್ದು ಕಣೋ," ಎಂದಳು. "ಅವರು ಮೊದಲು ಒಪ್ಪಲಿಲ್ಲ."

ಗೋಡೆಯ ಗಡಿಯಾರ, ಇಸ್ತ್ರಿಪೆಟ್ಟಿಗೆ, ಮಡಿಸಿಟ್ಟ ಯಾರದೋ ಅಂಗಿಗಳು, ಎಲ್ಲ ಇದ್ದಲ್ಲೇ ಇದ್ದವು. ಅಪ್ಪ ಹತ್ತು ಕೆಲಸಕ್ಕೆ ಕೈ ಹಾಕಿ ಹತ್ತರಲ್ಲೂ ಊರು ಬಿಟ್ಟದ್ದನ್ನು ನೋಡಿದವಳು ನಾನು, ನೀನು ಆಗ ತೊಟ್ಟಿಲಲ್ಲಿದ್ದೆ, ನಿನ್ನ ಕಣ್ಣಲ್ಲಿ ಅದೇ ಹುಚ್ಚು ಕಂಡು ಹೆದರಿದೆ ಎಂದಳು. ನನ್ನದೇ ಕೈಯಿಂದ ನಿನ್ನ ಕೆಲಸ ಕೆಟ್ಟರೆ ನೀನು ನನ್ನನ್ನು ದ್ವೇಷಿಸುತ್ತೀಯ, ತಾನಾಗಿ ಕೆಟ್ಟರೆ ಬಿಟ್ಟುಬಿಡುತ್ತೀಯ ಎಂದುಕೊಂಡೆ ಎಂದಳು. ಎಷ್ಟು ನಾಜೂಕಾದ ಲೆಕ್ಕಾಚಾರ.

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಶೆಡ್ಡಿಗೆ ಬೀಗ ಜಡಿದಿದ್ದರೆ ಬೀಗ ಒಡೆಯುತ್ತಿದ್ದೆ, ಜಗಳ ಆಗುತ್ತಿತ್ತು, ಮೂರು ದಿನ ಮಾತು ಬಿಟ್ಟು ನಾಲ್ಕನೆಯ ದಿನ ಉಣ್ಣಲು ಕೂರುತ್ತಿದ್ದೆ. ಇವರು ನನ್ನ ಕೆಲಸವನ್ನು ಕೆಡಿಸಿ, ಕೆಡಿಸಿದ್ದು ನಾನೇ ಎಂದು ನನ್ನನ್ನೇ ನಂಬಿಸಿದರು. ದಾರಿಯುದ್ದಕ್ಕೂ ನಾನು ನನ್ನ ಕೈಗಳನ್ನು ಬೈದುಕೊಂಡು ಬಂದಿದ್ದೆನಲ್ಲ, ಅದು ಇವರು ಮೊದಲೇ ಎಣಿಸಿಟ್ಟಿದ್ದ ಅಳು. ಬೇಲಿ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ನಾನು ಕೂಗಾಡಿದೆ. ಏನೇನೆಂದೆ ಎಂದು ಎಲ್ಲ ಬರೆಯುವುದಿಲ್ಲ. ಉಂಡ ಮನೆಯ ಜಂತೆ ಎಣಿಸಬೇಡ ಎಂದಳು ಅಕ್ಕ.

"ಜಂತೆ ಎಣಿಸ್ತಿಲ್ಲ," ಎಂದೆ. "ಗೆದ್ರೆ ನಿನ್ನ ದಾರಿ ನಿಂಗೆ ಅಂತ ಕೈ ಕೊಟ್ರಲ್ಲ, ಆ ಕೈ ಯಾರದು ಅಂತ ಕೇಳ್ತಿದ್ದೀನಿ."

ನನ್ನ ಅಚ್ಚು, ಪುಡಿಯ ಸೀಸೆಗಳು, ಕೊಡೆಕಡ್ಡಿಯ ಚೌಕಟ್ಟು, ಒಂದು ಚೀಲ ಬಟ್ಟೆ ತೆಗೆದುಕೊಂಡು ಹೊರಬಿದ್ದೆ. ಓವನ್ನು ಅವರದು, ಮುಟ್ಟಲಿಲ್ಲ.

ಮೊದಲು ಹೋದದ್ದು ಕೊಕ್ಕರೆಯ ಹತ್ತಿರ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಹೇಳುತ್ತಿರುವಾಗಲೇ ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ನನಗೇ ಗೊತ್ತಾಯಿತು. ಸೋಮಾರಿ ಹುಡುಗ, ಸಿಕ್ಕಿಬಿದ್ದ ಮೇಲೆ ಮನೆಯವರ ಮೇಲೆ ಗೂಬೆ ಕೂರಿಸುತ್ತಿದ್ದಾನೆ. ನಿಜವಾಗಿ ಬೇಯಿಸದೆ ತಂದವನೂ ಇದನ್ನೇ ಹೇಳುತ್ತಿದ್ದ. ಕೊಕ್ಕರೆ ಹಗ್ಗ ಸುತ್ತುತ್ತ ಪೂರ್ತಿ ಕೇಳಿದ. ಇರಬಹುದು ಎಂದ. ಪ್ಯಾಕೆಟ್ಟಿನವನ್ನು ತರಿಸಿಯಾಗಿದೆ, ಈ ಸೀಸನ್ನಿಗೆ ಮಾತು ಮುಗಿಯಿತು, ನಿಮ್ಮ ಮನೆಯ ಜಗಳವನ್ನು ನನ್ನ ದೋಣಿಗೆ ಹತ್ತಿಸಬೇಡ ಎಂದ. ಅವನ ತಪ್ಪೇನೂ ಇರಲಿಲ್ಲ. ಅದಕ್ಕೇ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಗೇಟು, ಕಿಟಕಿಯ ಸರಳುಗಳಿಗೆ ಪೌಡರ್ ಪೇಂಟ್ ಹೊಡೆಯುವ ವರ್ಕ್‌ಶಾಪೊಂದಿತ್ತು. ನನ್ನ ಪುಡಿಯೆಲ್ಲ ಅಲ್ಲಿನ ಅಳಿದುಳಿದದ್ದೇ. ಅಲ್ಲಿಯ ಓವನ್ನಿನೊಳಗೆ ಮನುಷ್ಯ ನಿಲ್ಲಬಹುದು. ಗೇಟುಗಳನ್ನು ಎತ್ತಿ ಕೊಕ್ಕೆಗೆ ಸಿಕ್ಕಿಸಲು ಮಾಲೀಕನಿಗೆ ಆಳು ಬೇಕಿತ್ತು. ಬೇರೇನೂ ಕೇಳುವುದಿಲ್ಲ, ಗೇಟಿನ ಜೊತೆ ನನ್ನ ಚೌಕಟ್ಟನ್ನೂ ತೂಗುಹಾಕಲು ಬಿಡಿ, ಮಲಗಲು ಒಂದು ಮೂಲೆ ಕೊಡಿ ಎಂದೆ. ಅವನು ಜಿಗ್ಗುಗಳನ್ನು ನೋಡಿ, ಆನೆಯ ಪಕ್ಕ ಇರುವೆಗೂ ಸ್ನಾನವಾ ಎಂದು ನಕ್ಕು ಒಪ್ಪಿದ. ನಾನು ಓವನ್ನಿನ ಬಾಗಿಲಿನಿಂದ ಅಲ್ಲಾಡುವುದಿಲ್ಲ. ಚಹಾಕ್ಕೆ ಕರೆದರೂ ಹೋಗುವುದಿಲ್ಲ. ಅಲ್ಲಿಯ ಕೆಲಸದವರು ನನಗೆ ಕಾವಲುನಾಯಿ ಎಂದು ಹೆಸರಿಟ್ಟಿದ್ದಾರೆ. ಇಡಲಿ.

ತಿಂಗಳು ಹುಟ್ಟಿತು, ಗೋದಾಮಿನ ಕೆಲಸ ಬೇರೆ ಯಾರಿಗೋ ಹೋಯಿತು. ರಜೆಯ ದಿನಗಳಲ್ಲಿ ದೋಣಿಕಟ್ಟೆಯ ಮೆಟ್ಟಿಲಲ್ಲಿ ಒಂದು ಹಲಗೆ ಹಾಸಿ ಜಿಗ್ಗುಗಳನ್ನು ಹರಡುತ್ತೇನೆ. ಬಂದವರಿಗೆ ನಾನು ಮಾತಾಡುವುದು ಕಡಿಮೆ. ಮೆಟ್ಟಿಲಿಗೆ ಬಡಿದು ನೋಡಿ ಎನ್ನುತ್ತೇನೆ, ಅಷ್ಟೆ. ಕೆಲವರು ಬಡಿಯುತ್ತಾರೆ, ಕೊಳ್ಳುತ್ತಾರೆ. ಹಲವರು, ಅವತ್ತು ಬಣ್ಣ ಉದುರಿದ್ದು ಇವನದೇ ಅಲ್ಲವಾ ಎಂದು ತಮ್ಮತಮ್ಮಲ್ಲೇ ಅಂದುಕೊಂಡು ದಾಟಿಹೋಗುತ್ತಾರೆ.

ಹೋದ ರಜೆಯ ದಿನ ವಯಸ್ಸಾದ ಗಿರಾಕಿಯೊಬ್ಬರು ಒಂದು ಗಿಳಿಹಸಿರನ್ನು ಹಿಡಿದು ತೂಗಿ ನೋಡುತ್ತಿದ್ದರು. ಬಡಿಯಲು ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. ಆಗ ಮೆಟ್ಟಿಲಿಳಿದು ಬಂದವನು ಭಾವ. ಹೆಗಲಲ್ಲಿ ಗಾಳದ ಕೋಲು, ಕೈಯಲ್ಲಿ ಊಟದ ಡಬ್ಬಿ. ಅವನು ಮೊದಲಿಂದ ಕೆರೆಗೆ ಬರುವವನು, ಹಳಬರಿಗೆಲ್ಲ ಅವನ ಗುರುತಿದೆ. ಗಿರಾಕಿ ಅವನನ್ನೇ ಕೇಳಿದರು, ನೀವು ತಿಳಿದವರು, ಇದು ಹೇಗಿದೆ ಹೇಳಿ ಎಂದು.

ಭಾವ ಜಿಗ್ಗನ್ನು ತೆಗೆದುಕೊಂಡ. ಬೆಳಕಿಗೆ ಹಿಡಿದ. ಬಗ್ಗಿ ಮೆಟ್ಟಿಲಿಗೆ ಬಲವಾಗಿ ಬಡಿದ, ಮತ್ತೆ ಬಡಿದ. ಹೆಬ್ಬೆರಳಿನಿಂದ ತಡವಿ ಹಲಗೆಯ ಮೇಲಿಟ್ಟ.

"ಕಣ್ಣುಮುಚ್ಚಿ ತಗೊಳ್ಳಿ," ಎಂದ. "ಈ ಕೆರೆಯಲ್ಲಿ ಇಂಥದ್ದು ಬೇರೆ ಯಾರೂ ಮಾಡಲ್ಲ."

ಮಾತು ನಿಜವಾಗಿತ್ತು. ಅವನ ದನಿಯೂ ನಿಜವಾಗಿತ್ತು. ಅವತ್ತು ನಾನು ಕೊಕ್ಕರೆಯ ದೋಣಿ ಹತ್ತುವ ಮೊದಲು ಈ ಮಾತು ಬಂದಿದ್ದರೆ ನಾನು ಅವನ ಕಾಲಿಗೆ ಬೀಳುತ್ತಿದ್ದೆ. ಈಗ ಮೈಯೆಲ್ಲ ಉರಿಯಿತು. ತಾನೇ ಕಿತ್ತುಕೊಂಡದ್ದರಲ್ಲಿ ಒಂದು ಚೂರನ್ನು ಭಿಕ್ಷೆಯ ಹಾಗೆ ನನ್ನ ಹಲಗೆಯ ಮೇಲೆ ಹಾಕುತ್ತಿದ್ದಾನೆ.

ಗಿರಾಕಿಗೆ ಖುಷಿಯಾಯಿತು. ಬಡಿದದ್ದನ್ನು ಬಿಟ್ಟು ಬೇರೆಯವನ್ನು ಒಂದು ಹಿಡಿ ಆರಿಸಿಕೊಂಡರು. ನನ್ನನ್ನೂ ಅವನನ್ನೂ ನೋಡಿ, ಇವರು ನಿಮಗೆ ಏನಾಗಬೇಕು ಎಂದು ನನ್ನನ್ನು ಕೇಳಿದರು. ಭಾವ ನನ್ನ ಮುಖವನ್ನೇ ನೋಡುತ್ತಿದ್ದ. ಊಟದ ಡಬ್ಬಿಯನ್ನು ಸ್ವಲ್ಪ ಮುಂದೆ ಹಿಡಿದಿದ್ದ. ಅದರ ಬಟ್ಟೆಯ ಗಂಟು ಅಕ್ಕ ಹಾಕುವ ಗಂಟು.

"ನಮ್ಮ ಅಕ್ಕನ ಗಂಡ," ಎಂದೆ.

ಗಿರಾಕಿ ಹಾಗಾ ಎಂದು ನಗುತ್ತ ಜಿಗ್ಗುಗಳನ್ನು ಜೇಬಿಗಿಳಿಸಿದರು. ಅವರಿಗೆ ಅದರಲ್ಲಿ ಏನೂ ಕಾಣಲಿಲ್ಲ. ನನ್ನ ಬಾಯಲ್ಲಿ ‘ಭಾವ’ ಎಂಬ ಮಾತು ಬರಲಿಲ್ಲವೆಂದು ಭಾವನಿಗೆ ಕಂಡಿತು. ಡಬ್ಬಿ ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಮೆಟ್ಟಿಲು ಹತ್ತಿ ಹೋದ. ಆವತ್ತು ಅವನು ಗಾಳ ಹಾಕಲೇ ಇಲ್ಲ.

ನಾನು ಅವನು ಬಡಿದ ಆ ಜಿಗ್ಗನ್ನು ಎತ್ತಿ ನೋಡಿದೆ. ಒಂದು ಗೀರೂ ಇರಲಿಲ್ಲ. 'ನೋಡಿದಿರಾ ಭಾವ' ಎಂದು ಕೂಗಿ ತೋರಿಸಬೇಕೆನಿಸಿತು, ಅಭ್ಯಾಸಬಲ. ತುಟಿ ಕಚ್ಚಿಕೊಂಡು ಅದನ್ನು ಹಲಗೆಯ ಮೇಲೆ ಬೇರೆಯವುಗಳ ಜೊತೆ ಇಟ್ಟೆ.